ಉಬ್ಬದ ರೊಟ್ಟಿಯ ಗುರುತು

ಕಳೆದ ಚುನಾವಣೆಯಲ್ಲಿ ನನ್ನ ಮತಗಟ್ಟೆ ನಮ್ಮ ಕಡೆಯ ಸರ್ಕಾರಿ ಶಾಲೆಯಲ್ಲಿತ್ತು. ಬಾಗಿಲು ತೆರೆಯುವುದು ಏಳಕ್ಕೆ. ನಾನು ಆರು ಐವತ್ತಕ್ಕೆ ಸಾಲಿನಲ್ಲಿ ಮೊದಲಿಗನಾಗಿ ನಿಂತಿದ್ದೆ. ಒಳಗೆ ಮಕ್ಕಳ ಎರಡು ಡೆಸ್ಕುಗಳನ್ನು ಜೋಡಿಸಿ ಮೇಜು ಮಾಡಿಕೊಂಡಿದ್ದರು. ಕಪ್ಪುಗಂದು ಬಣ್ಣದ ಹಲಗೆ, ಅದರ ಮೈತುಂಬ ನುಚ್ಚಕ್ಕಿ ಚೆಲ್ಲಿದ ಹಾಗೆ ಬಿಳಿ ಚುಕ್ಕಿ. ನೋಡಿದ ಕೂಡಲೇ ಗುರುತು ಸಿಕ್ಕಿತು. ಎಡಗೈಯನ್ನು ಶಾಯಿಗೆ ಚಾಚಿ, ಬಲಗೈಯಿಂದ ಹಲಗೆಯ ತಳವನ್ನು ತಡವಿದೆ.

ಶಾಯಿ ಹಚ್ಚುತ್ತಿದ್ದ ಹೆಣ್ಣುಮಗಳು ಕೈ ನಿಲ್ಲಿಸಿದಳು. "ಸಾರ್, ಕೆಳಗಡೆ ಏನ್ ಹುಡುಕ್ತಿದೀರಾ?"

"ಏನಿಲ್ಲಮ್ಮ. ನನಗೆ ಗೊತ್ತಿರೋರು ಒಬ್ರು."

ಆಕೆ ನಿಜವಾಗಿಯೂ ಬಗ್ಗಿ ಡೆಸ್ಕಿನ ಕೆಳಗೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಎಡ ಮೂಲೆಯಲ್ಲಿ, ಇರಬೇಕಾದ ಜಾಗದಲ್ಲೇ, ಎಂಟಾಣೆಯಷ್ಟು ಅಗಲದ ಒಂದು ವೃತ್ತ ನನ್ನ ಬೆರಳಿಗೆ ಸಿಕ್ಕಿತು. ಅದನ್ನು ಅಲ್ಲಿ ಒತ್ತಿದವರ ಬಗ್ಗೆ ಬರೆಯಬೇಕೆಂದು ಮನೆಗೆ ಬಂದು, ಕಾಫಿ ಕುಡಿದು, ಎಂಟಕ್ಕೆ ಸರಿಯಾಗಿ ಕುಳಿತೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ, "ನನ್ನ ಹೆಸರ ಯಾಕ್ರಿ ಸರ, ಹಲಗಿ ಹೆಂಗ ಮಾಡ್ಬೇಕು ಅದನ್ನ ಬರೀರಿ" ಎನ್ನುತ್ತಾರೆ. ಆ ಹಲಗೆ ತಯಾರಾದ ಶೆಡ್ಡಿನಲ್ಲಿ ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರಾದರೂ ನಾನೂ ಹಾಗೆಯೇ ಎನ್ನುತ್ತಿದ್ದೆ.

ನಾನು ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಮೂವತ್ತಾರು ವರ್ಷ ದುಡಿದವನು. ಬೆಳಿಗ್ಗೆ ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡು, ಸೈರನ್ನಿಗೆ ಮನೆಗೆ ಬಂದವನು. ನಿವೃತ್ತನಾದ ಮೇಲೆ ಕಗ್ಗದಾಸಪುರದ ಮನೆಯಲ್ಲಿ ಸೈರನ್ ಇರಲಿಲ್ಲ. ನಾನೇ ಸೈರನ್ ಆಗಿಬಿಟ್ಟಿದ್ದೇನೆ ಎಂದು ನನ್ನ ಹೆಂಡತಿ ನೆಂಟರ ಮುಂದೆ ಹೇಳುತ್ತಿದ್ದಳು. ಪಕ್ಕದ ಮನೆಯ ನಿವೇದಿತ ಬಂದು ಕರೆದಾಗ ಹೆಚ್ಚು ಸಂತೋಷಪಟ್ಟವಳು ಅವಳೇ.

ನಿವೇದಿತ ಓದಿದ್ದು ಮೆಟೀರಿಯಲ್ಸ್ ಇಂಜಿನಿಯರಿಂಗ್. ಹಾಲಿನ ಪ್ಯಾಕೆಟ್ಟುಗಳ ಪ್ಲಾಸ್ಟಿಕ್ಕಿಗೆ, ಕುದಿಸಿ ಬಿಸಾಡಿದ ಟೀ ಚರಟವನ್ನೂ ಮೊಟ್ಟೆ ಚಿಪ್ಪಿನ ಪುಡಿಯನ್ನೂ ಬೆರೆಸಿ, ಬಿಸಿ ಪ್ರೆಸ್ಸಿನಲ್ಲಿ ಒತ್ತಿ ಹಲಗೆ ಮಾಡುವ ಕೆಲಸಕ್ಕೆ ಕೈ ಹಾಕಿದ್ದಳು. ರೈಲು ಹಳಿಯ ಪಕ್ಕದ ಖಾಲಿ ಶೆಡ್ಡೊಂದನ್ನು ವಾರ್ಡಿನವರು ಆರು ತಿಂಗಳ ಮಟ್ಟಿಗೆ ಕೊಟ್ಟಿದ್ದರು. ಕರಾರು ಸರಳ. ಶಾಲೆಯ ಡೆಸ್ಕಿಗೆ ಆಗುವಂಥ ಹಲಗೆ ಮಾಡಿ, ಅದು ಪರೀಕ್ಷೆಯಲ್ಲಿ ಪಾಸಾದರೆ ಶೆಡ್ಡು ಅಲ್ಲಿ ಕೆಲಸ ಮಾಡುವ ಹೆಂಗಸರದ್ದು. ಇಲ್ಲದಿದ್ದರೆ ಕಸದ ಆಟೋ ನಿಲ್ಲಿಸುವ ಜಾಗ.

"ಅಂಕಲ್, ಹಲಗೆ ಚೆಕ್ ಮಾಡೋರು ಯಾರೂ ಇಲ್ಲ. ನೀವು ದಿನಾ ಒಂದು ಗಂಟೆ ಬನ್ನಿ, ಸಾಕು" ಎಂದಳು. ನಾನು ದಿನಾ ಎಂಟು ಗಂಟೆ ಹೋದೆ.

ಮೊದಲ ದಿನ ಎಂಟೂವರೆಗೆ ಶೆಡ್ಡಿನ ಮುಂದೆ ಇದ್ದವನು ನಾನೊಬ್ಬನೇ. ಎಂಟು ಐವತ್ತಕ್ಕೆ ಐದು ಜನ ಹೆಂಗಸರು ಬಂದರು. ಮುಂದೆ ಇದ್ದವರು ಅಕ್ಕ. ಎತ್ತರದ ಗಟ್ಟಿ ಆಳು, ಹಣೆಯಲ್ಲಿ ದೊಡ್ಡ ಕುಂಕುಮ, ಸೀರೆಯ ಮೇಲೆ ಗಂಡಸರ ಅಂಗಿ. ಕಲಬುರಗಿ ಕಡೆಯವರು, ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆ. ನಾನು ಕೈಗಡಿಯಾರ ತೋರಿಸಿದೆ.

"ಕೆಲಸ ಶುರು ಆಗೋದು ಎಂಟೂವರೆಗಮ್ಮ."

"ನಮಗ ಗೊತ್ತದರಿ ಸರ. ಬಸ್ಸಿಗೆ ಹೇಳ್ರಿ."

ಹಿಂದಿದ್ದವರು ಸೆರಗು ಅಡ್ಡ ಹಿಡಿದು ನಕ್ಕರು. ನಾನು ನಗಲಿಲ್ಲ. ಮಾರನೆಯ ದಿನ ಅವರು ಎಂಟು ಇಪ್ಪತ್ತಕ್ಕೆ ಬಂದು ಬಾಗಿಲಲ್ಲಿ ಕೂತಿದ್ದರು. "ಸರ, ಹತ್ತ ನಿಮಿಷ ಮೊದಲ ಬಂದೀವಿ. ನಿನ್ನೀದು ಇನ್ನೂ ಹತ್ತ ನಿಮಿಷ ಬಾಕಿ ಅದ. ನಾಳಿ ತೀರಿಸ್ತೀವಿ." ಅಲ್ಲಿಂದ ಮುಂದೆ ಅವರು ತಡವಾದದ್ದನ್ನು ನಾನು ಕಾಣೆ. ಯಾವ ಬಸ್ಸಿಗೆ ಏನು ಹೇಳಿದರೋ.

ಶೆಡ್ಡಿಗೆ ಬರುವ ಮೊದಲು ಅವರು ಒಂಬತ್ತು ವರ್ಷ ರಸ್ತೆಯ ಬದಿಯಲ್ಲಿ ಕೂತು ಕಸ ವಿಂಗಡಿಸುತ್ತಿದ್ದರು. ಆ ವರ್ಷಗಳ ಬಗ್ಗೆ ಅವರು ನನಗೆ ಹೇಳಿದ್ದು ಒಂದೇ ಮಾತು: "ಬಿಸಲಾಗ ಕುಂತು ಕುಂತು ನೆಳ್ಳಂದ್ರ ಏನಂತ ಮರ್ತೇ ಬಿಟ್ಟಿದ್ದೆ ನೋಡ್ರಿ." ಊಟದ ಹೊತ್ತಿನಲ್ಲಿ ಅವರು ಶೆಡ್ಡಿನ ತಗಡಿನ ಮಾಡನ್ನು ತಲೆಯೆತ್ತಿ ನೋಡುತ್ತಿದ್ದುದನ್ನು ಎಷ್ಟೋ ಸಲ ಗಮನಿಸಿದ್ದೇನೆ. ನಾವು ಆ ಕಡೆ ನೋಡಿದರೆ ಕಾಣುತ್ತಿದ್ದುದು ತುಕ್ಕು ಮಾತ್ರ.

ಅವರ ಕಿವಿಯ ವಿಷಯ ಹೇಳಬೇಕು. ಪ್ಲಾಸ್ಟಿಕ್ಕಿನಲ್ಲಿ ಹತ್ತಾರು ಜಾತಿ. ಹಾಲಿನ ಪ್ಯಾಕೆಟ್ಟಿನ ಜೊತೆ ಬೇರೆ ಜಾತಿಯದು ಸೇರಿದರೆ ಹಲಗೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ವಿಂಗಡಿಸುವುದು ಹೇಗೆಂದು ನಾನು ಎರಡು ಹಾಳೆ ಸೂಚನೆ ಬರೆದು ಗೋಡೆಗೆ ಅಂಟಿಸಿದ್ದೆ. ನೀರಿಗೆ ಹಾಕಿ ತೇಲುತ್ತದೋ ನೋಡಬೇಕು, ಇತ್ಯಾದಿ. ಅಕ್ಕ ಅದನ್ನು ನಿಧಾನವಾಗಿ, ತುಟಿ ಅಲ್ಲಾಡಿಸುತ್ತ ಓದಿದರು. ಆಮೇಲೆ ಒಂದು ಚೂರನ್ನು ಕಿವಿಯ ಹತ್ತಿರ ಹಿಡಿದು ಹಿಸುಕಿದರು. ಪಕ್ಕದ ಬುಟ್ಟಿಗೆ ಹಾಕಿದರು. ಇನ್ನೊಂದು ಹಿಸುಕಿದರು. ಬೇರೆ ಬುಟ್ಟಿ.

ನಾನು ಬಿಡುವ ಜಾಯಮಾನದವನಲ್ಲ. ಅವರಿಗೆ ಬೆನ್ನು ತಿರುಗಿಸಿ ಕೂರುವಂತೆ ಹೇಳಿ, ಹತ್ತು ಚೂರುಗಳನ್ನು ಒಂದೊಂದಾಗಿ ಹಿಸುಕಿದೆ.

"ಹಾಲಿಂದು. ಹಾಲಿಂದು. ಚಿಪ್ಸಿಂದು, ಅದು ಬ್ಯಾಡ. ಹಾಲಿಂದು. ಬ್ರೆಡ್ಡಿಂದು. ಸೀರಿ ಅಂಗಡೀದು. ಹಾಲಿಂದು…" ಹತ್ತನೆಯದಕ್ಕೆ ಸ್ವಲ್ಪ ತಡೆದು, "ಇದು ನೀವು ನಿಮ್ಮ ಊಟದ ಡಬ್ಬಿಗಿ ಸುತ್ತಿ ತಂದಿದ್ದ ಕವರ್ ಅಲ್ರಿ?" ಎಂದರು.

ಹತ್ತಕ್ಕೆ ಹತ್ತು. ಕಾರ್ಖಾನೆಯಲ್ಲಿ ನನಗೆ ಅಂಥ ಸಹೋದ್ಯೋಗಿ ಸಿಕ್ಕಿರಲಿಲ್ಲ. ಗೋಡೆಯ ಮೇಲಿನ ಎರಡು ಹಾಳೆಯನ್ನು ನಾನೇ ಕಿತ್ತೆ.

ಟೀ ಚರಟ ಒಣಗಿಸುವುದರಲ್ಲೂ ನಮಗೆ ಜಗಳವಾಯಿತು. ಬಿಸಿಲಿನಲ್ಲಿ ಆರು ಗಂಟೆ ಎಂದು ನಾನು ನಿಯಮ ಮಾಡಿದ್ದೆ. ಗಡಿಯಾರ ನೋಡಿ ಹರವುವುದು, ಗಡಿಯಾರ ನೋಡಿ ಬಾಚುವುದು. ಒಂದು ವಾರ ಮೋಡ ಕವಿದಿತ್ತು, ನಿಯಮ ನಿಯಮವೇ. ಆ ವಾರದ ಹಲಗೆಗಳು ಪ್ರೆಸ್ಸಿನಿಂದ ಹೊರಬಂದಾಗ ಮೈಮೇಲೆ ಬೊಬ್ಬೆ ಎದ್ದಿದ್ದವು. ಅಕ್ಕ ಒಂದು ಬೊಬ್ಬೆಯನ್ನು ಬೆರಳಿನಿಂದ ತಟ್ಟಿ, "ನೋಡ್ರೇ, ಸರ ರೊಟ್ಟಿ ಮಾಡ್ಯಾರ" ಎಂದು ಉಳಿದವರನ್ನು ಕೂಗಿದರು.

ನನಗೆ ಸಿಟ್ಟು ಬಂತು. "ಇದರಲ್ಲಿ ನಗೋದೇನಿದೆ?"

"ಸಿಟ್ಟಾಗಬ್ಯಾಡ್ರಿ. ಜ್ವಾಳದ ರೊಟ್ಟಿ ಹೆಂಚಿನ ಮ್ಯಾಲ ಯಾಕ ಉಬ್ಬತದ ಹೇಳ್ರಿ. ಒಳಗ ನೀರದ, ಕಾದು ಹೊರಗ ಬರ್ಲಾಕ ಹಾದಿ ನೋಡ್ತದ. ರೊಟ್ಟಿ ಉಬ್ಬಿದ್ರ ಛಲೋ. ಹಲಗಿ ಉಬ್ಬಿದ್ರ ಕೆಟ್ಟ." ಚೀಲದಿಂದ ಒಂದು ಹಿಡಿ ಚರಟ ತೆಗೆದು ಮುಷ್ಟಿ ಬಿಗಿದು ಬಿಚ್ಚಿದರು. ಉಂಡೆ ಹಾಗೆಯೇ ನಿಂತಿತ್ತು. "ಇದು ಉದರಬೇಕ್ರಿ. ಉಸುಕಿನಂಗ ಉದುರಿದ್ರ ಒಣಗ್ಯದ ಅಂತ. ಗಡಿಯಾರ ನೋಡಿ ಏನ್ ಮಾಡ್ತೀರಿ? ಚರಟ ಗಡಿಯಾರ ಕಟ್ಟಿಲ್ಲ."

ಅಂದು ಸಂಜೆ ಕೆಲಸದ ಸೂಚನೆಯಲ್ಲಿ "ಆರು ಗಂಟೆ" ಎಂಬುದನ್ನು ಹೊಡೆದು "ಮುಷ್ಟಿ ಬಿಚ್ಚಿದಾಗ ಉದುರಬೇಕು" ಎಂದು ಬರೆದೆ. ಮೂವತ್ತಾರು ವರ್ಷದಲ್ಲಿ ನಾನು ಮುಷ್ಟಿಯನ್ನು ಅಳತೆಯಾಗಿ ಬರೆದದ್ದು ಅದೇ ಮೊದಲು.

ಮಧ್ಯಾಹ್ನ ಒಂದಕ್ಕೆ ಊಟ. ಅವರದು ಗರಿಗರಿ ಒಣಗಿದ ಕಟಕ ರೊಟ್ಟಿ, ಶೇಂಗಾ ಚಟ್ನಿ, ನನ್ನದು ಮೊಸರನ್ನ. ಒಂದು ವಾರ ಸುಮ್ಮನಿದ್ದು ಎಂಟನೆಯ ದಿನ ನನ್ನ ಡಬ್ಬಿಯ ಮುಚ್ಚಳದಲ್ಲಿ ಅರ್ಧ ರೊಟ್ಟಿ ಇಟ್ಟರು. "ದಿನಾ ಬೆಳ್ಳಗ ತಿಂದ್ರ ಮನಸ ಹಸಿ ಆಗತದ್ರಿ." ಅದಾದ ಮೇಲೆ ನನ್ನ ಹೆಂಡತಿ ಡಬ್ಬಿಗೆ ಹಾಕುವ ಅನ್ನ ಕಡಿಮೆ ಮಾಡಿದಳು.

ಇನ್ನು ಐದನೆಯ ತಿಂಗಳ ಕಥೆ.

ಪರೀಕ್ಷೆಗೆ ದೊಡ್ಡ ರಾಶಿಯೇ ಬೇಕಿತ್ತು. ಅಲ್ಲಿಯವರೆಗೆ ಚರಟ ಬರುತ್ತಿದ್ದುದು ನಿವೇದಿತಳ ಆಫೀಸಿನ ಕ್ಯಾಂಟೀನಿನಿಂದ. ಅದು ಸಾಲದೆ ಅವಳು ಪುಲಿಕೇಶಿನಗರದ ಮಸೀದಿ ರಸ್ತೆಯ ಒಂದು ದೊಡ್ಡ ಹೋಟೆಲಿನವರನ್ನು ಒಪ್ಪಿಸಿದಳು. ದಿನಕ್ಕೆ ಎರಡು ಡ್ರಮ್ ಚರಟ. ಸುಲಭವಾಯಿತು ಎಂದುಕೊಂಡೆವು. ಹೊಸ ಚರಟದ ಹಲಗೆಗಳು ಉಬ್ಬಲಿಲ್ಲ, ಆದರೆ ಮೈಮೇಲೆ ಸುಟ್ಟ ಕಲೆ. ಮೂಲೆ ಹಿಡಿದು ಎತ್ತಿದರೆ ಬಿಸ್ಕತ್ತಿನಂತೆ ಮುರಿಯುತ್ತಿದ್ದವು. ನಾನು ಪ್ರೆಸ್ಸಿನ ಬಿಸಿ ಇಳಿಸಿದೆ. ಹೊತ್ತು ಕಡಿಮೆ ಮಾಡಿದೆ, ಹೆಚ್ಚು ಮಾಡಿದೆ. ನಿವೇದಿತ ಪ್ಲಾಸ್ಟಿಕ್ಕಿನ ಪ್ರಮಾಣ ಬದಲಿಸಿದಳು. ಆರು ದಿನದ ಹಲಗೆ ಅಷ್ಟೂ ಗೋಡೆಗೆ ಒರಗಿ ನಿಂತಿತು, ಒಂದೂ ಕೆಲಸಕ್ಕೆ ಬಾರದ್ದು. ಪರೀಕ್ಷೆಗೆ ಎರಡು ವಾರ ಉಳಿದಿತ್ತು. ವಾರ್ಡಿನಿಂದ ಒಬ್ಬರು ಬಂದು ಟೇಪು ಹಿಡಿದು ಆಟೋ ಎಷ್ಟು ನಿಲ್ಲುತ್ತವೆ ಎಂದು ಅಳೆದುಕೊಂಡೂ ಹೋದರು. ಅಕ್ಕ ಆ ಟೇಪಿನ ಇನ್ನೊಂದು ತುದಿಯನ್ನು ಹಿಡಿದುಕೊಂಡರು, ಹಿಡಿಯಲು ಯಾರೂ ಇರಲಿಲ್ಲವೆಂದು. ಅಂದು ಅವರು ಊಟದ ಡಬ್ಬಿ ತೆರೆಯಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಬಂದಾಗ ಅವರು ಗೋಡೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದರು.

"ಸರ, ಬರ್ರಿ ಇಲ್ಲಿ. ಇವು ಹೇಳ್ಲಾಕತ್ಯಾವ."

"ಯಾವು?"

"ಇರಬಿ."

ಸಾಲು ಇರುವೆ. ನೆಲದ ಬಿರುಕಿನಿಂದ ಹೊರಟು, ಹಳೆಯ ಒಳ್ಳೆಯ ಹಲಗೆಗಳನ್ನು ತಿರುಗಿಯೂ ನೋಡದೆ ದಾಟಿ, ಹೊಸ ಹಲಗೆಗಳ ಸುಟ್ಟ ಕಲೆಗಳ ಮೇಲೆ ಮುತ್ತಿದ್ದವು.

"ಇರಬಿಗಿ ಪ್ಲಾಸ್ಟಿಕ್ ಯಾಕ ಬೇಕ್ರಿ? ಚರಟ ಯಾಕ ಬೇಕು? ಇದರಾಗ ಸಕ್ರಿ ಅದ."

ನಿವೇದಿತಳನ್ನೂ ಕರೆದುಕೊಂಡು ನಾವು ಮೂವರೂ ಆಗಲೇ ಮಸೀದಿ ರಸ್ತೆಗೆ ಹೋದೆವು. ಹೋಟೆಲಿನ ಭಾಯ್ ಗಲ್ಲಾದಲ್ಲಿದ್ದರು. ಅಕ್ಕ ನೇರವಾಗಿ ಟೀ ಮಾಡುವ ಒಲೆಯ ಹತ್ತಿರ ಹೋಗಿ ನಿಂತು ನೋಡಿದರು. ಹಂಡೆಯಲ್ಲಿ ಹಾಲು, ಅದರಲ್ಲೇ ಸಕ್ಕರೆ, ಅದರಲ್ಲೇ ಟೀ ಪುಡಿ, ಗಂಟೆಗಟ್ಟಲೆ ಕುದಿತ. ಕ್ಯಾಂಟೀನಿನಲ್ಲಿ ನೀರಿಗೆ ಮಾತ್ರ ಪುಡಿ ಹಾಕಿ ಸೋಸುತ್ತಿದ್ದರು; ಹಾಲು ಸಕ್ಕರೆ ಆಮೇಲೆ. ಬೆಂಗಳೂರಿನಲ್ಲೇ ಹುಟ್ಟಿ, ಇದೇ ಬೀದಿಯಲ್ಲಿ ನೂರಾರು ಸಲ ಟೀ ಕುಡಿದ ನನಗೂ ನಿವೇದಿತಳಿಗೂ ಅದು ಹೊಳೆದಿರಲಿಲ್ಲ. ಹಾಲೂ ಸಕ್ಕರೆಯೂ ಹೀರಿಕೊಂಡ ಚರಟವನ್ನು ಪ್ರೆಸ್ಸಿಗೆ ಹಾಕಿ ನಾವು ಆರು ದಿನ ಪಾಕ ಸುಟ್ಟಿದ್ದೆವು.

ಭಾಯ್ ಹತ್ತಿರ ಬಂದರು. "ಏನಾಯ್ತಮ್ಮ? ನಮ್ ಚಾಯ್ ಪತ್ತಿನಲ್ಲಿ ಏನ್ ಕಮ್ಮಿ? ಪೂರಾ ದೂಧ್, ಪೂರಾ ಶಕ್ಕರ್!"

"ಕಮ್ಮಿ ಏನಿಲ್ರಿ ಅಣ್ಣಾರ, ಹೆಚ್ಚಾಗ್ಯದ. ನಿಮ್ಮ ಚಹಾ ಭಾಳ ಛಲೋ ಅದ. ಅದಕ್ಕ ನಮ್ಮ ಊರ ಇರಬಿ ಎಲ್ಲಾ ಹಲಗಿ ಬೆನ್ನ ಹತ್ಯಾವ."

ಭಾಯ್ ಜೋರಾಗಿ ನಕ್ಕರು. "ಹಂಗಾದ್ರೆ ಸುಲೈಮಾನಿದು ತಗೊಳ್ಳಿ! ಅದ್ರಲ್ಲಿ ದೂಧೂ ಇಲ್ಲ, ಕುದಿಯೋವಾಗ ಶಕ್ಕರೂ ಇಲ್ಲ. ಅದರ ಪತ್ತಿ ಬೇರೆ ಡ್ರಮ್‌ಗೆ ಹಾಕಿಸ್ತೀನಿ. ಈಗ ಕೂತ್ಕೊಳ್ಳಿ, ಚಾಯ್ ಕುಡೀರಿ." ಅಕ್ಕ ಎರಡು ಲೋಟ ಕುಡಿದರು, ಎರಡೂ ಹಾಲಿನದೇ.

ಸುಲೈಮಾನಿಯ ಚರಟ ಒಂದೇ ಸಾಲುತ್ತಿರಲಿಲ್ಲ. ಹಾಲಿನ ಚರಟವನ್ನು ಅಕ್ಕ ತೊಟ್ಟಿಯಲ್ಲಿ ತೊಳೆಸಿದರು. ಬಸಿದ ನೀರು ಅಕ್ಕಿ ತೊಳೆದ ನೀರಿನ ಹಾಗಿದ್ದರೆ ಮತ್ತೆ ತೊಳೆಯುವುದು, ತಿಳಿಯಾದರೆ ಸಾಕು. ಒಣಗಿಸಲು ಜಾಗ ಬೇಕಿತ್ತಲ್ಲ. ಆರು ದಿನದ ಕೆಟ್ಟ ಹಲಗೆಗಳನ್ನೇ ಬಿಸಿಲಲ್ಲಿ ಜೋಡಿಸಿ, ಮೇಲೆ ಗೋಣಿ ಹಾಸಿ ಹರವಿದರು. ಒಂದು ಚಿಟಿಕೆ ಒಣಚರಟವನ್ನು ಇರುವೆ ಸಾಲಿನ ಮುಂದೆ ಇಟ್ಟು ನೋಡುವುದು ಅವರ ಕೊನೆಯ ತಪಾಸಣೆ. ಇರುವೆಗಳು ಸುತ್ತಿ ಹೋದರೆ ಚರಟ ಪಾಸು. ಕೆಲಸದ ಸೂಚನೆಯಲ್ಲಿ ಅದನ್ನೂ ಬರೆದೆ.

ಹನ್ನೊಂದು ದಿನದಲ್ಲಿ ರಾಶಿ ಸಿದ್ಧವಾಯಿತು. ನಲವತ್ತು ಹಲಗೆ.

ಪರೀಕ್ಷೆಯ ಬೆಳಿಗ್ಗೆ ನಾನು ಮಾಡಿದ ಕೆಲಸವನ್ನು ಇಲ್ಲಿ ಹೇಳಲೇಬೇಕು. ಎಂಟು ಗಂಟೆಗೇ ಹೋಗಿ, ನಲವತ್ತರಲ್ಲಿ ಅತ್ಯಂತ ನುಣುಪಾದ ಮೂರು ಹಲಗೆಗಳನ್ನು ಆರಿಸಿ, ಒರೆಸಿ, ಬಾಗಿಲ ಪಕ್ಕದ ಮೇಜಿನ ಮೇಲೆ ಇಟ್ಟೆ. ಪರೀಕ್ಷೆಗೆ ಬರುವ ವಾರ್ಡಿನ ಇಂಜಿನಿಯರು ಎದುರಿಗಿದ್ದುದನ್ನೇ ಎತ್ತಿಕೊಳ್ಳುತ್ತಾರೆ ಎಂಬುದು ನನ್ನ ಎಣಿಕೆ. ಕಾರ್ಖಾನೆಯಲ್ಲಿ ಯಾರಾದರೂ ಹೀಗೆ ಮಾಡಿದರೆ ಇಡೀ ರಾಶಿಯನ್ನೇ ವಾಪಸು ಕಳಿಸುತ್ತಿದ್ದವನು ನಾನು. ಆದರೆ ಅಂದು ನನ್ನ ಕಣ್ಣ ಮುಂದೆ ಇದ್ದದ್ದು ಟೇಪಿನ ಇನ್ನೊಂದು ತುದಿ ಹಿಡಿದು ನಿಂತ ಅವರ ಮುಖ.

ಅಕ್ಕ ಬಂದರು. ಮೇಜನ್ನು ನೋಡಿದರು, ನನ್ನನ್ನು ನೋಡಿದರು.

"ಸರ, ಸಂತ್ಯಾಗ ಛಲೋ ಟಮಾಟಿ ಮ್ಯಾಲಿಟ್ಟು ಕೊಳತದ್ದು ಕೆಳಗಿಟ್ಟು ಮಾರ್ತಾರಲ್ರಿ, ಅವರಿಗಿ ಏನಂತಾರ ನಿಮ್ಮ ಕಡಿ?"

ನಾನು ಒರೆಸುವ ಬಟ್ಟೆಯನ್ನು ಮಡಿಸಿ ಜೇಬಿಗಿಟ್ಟೆ.

"ನಮ್ಮ ರಾಶ್ಯಾಗ ಕೆಳಗಿಂದು ಮ್ಯಾಲಿಂದು ಎಲ್ಲಾ ಒಂದ ಅವ. ನಾ ಎಲ್ಲಾ ಬಡದು ನೋಡೀನಿ. ನೀವ ನಂಬಲಿಲ್ಲಂದ್ರ ಅವರ ಹೆಂಗ ನಂಬ್ತಾರ?"

"ಫೇಲ್ ಆದ್ರೆ ಶೆಡ್ ಹೋಗುತ್ತೆ ಅಕ್ಕ."

"ಹೋಗ್ಲಿ ಬಿಡ್ರಿ. ಮೋಸ ಮಾಡಿ ತಗೊಂಡ ನೆಳ್ಳನಾಗ ನಿದ್ದಿ ಬರಂಗಿಲ್ಲ."

ಮೂರನ್ನೂ ನಾನೇ ಹೊತ್ತು ರಾಶಿಗೆ ಸೇರಿಸಿದೆ. ಒಂದನ್ನು ಮೇಲೆ, ಒಂದನ್ನು ನಡುವೆ, ಒಂದನ್ನು ತಳಕ್ಕೆ.

ಇಂಜಿನಿಯರು ಮೂವತ್ತರ ಆಸುಪಾಸಿನ ಗಂಭೀರ ಮನುಷ್ಯ. ಬಂದವರೇ, "ಸ್ಯಾಂಪಲ್ ಎಲ್ಲಿ?" ಎಂದರು.

ಅಕ್ಕ ರಾಶಿಯ ಕಡೆ ಕೈ ತೋರಿಸಿದರು. "ಎಲ್ಲಾ ಸ್ಯಾಂಪಲ್ಲೇ ಅವರಿ ಸಾಹೇಬ್ರ. ನಿಮಗ ಬೇಕಾದ್ದು ತಗೋರಿ."

ಅವರು ಹುಬ್ಬೇರಿಸಿದರು. ರಾಶಿಯ ಸುತ್ತ ಒಂದು ಸುತ್ತು ಬಂದು, ತಳದಿಂದ ಮೂರನೆಯದನ್ನು ಎಳೆಸಿದರು. ಬಣ್ಣ ಮಂಕಾಗಿದ್ದ, ನೋಡಲು ಏನೂ ಚೆಲುವಿಲ್ಲದ ಹಲಗೆ. ದಪ್ಪವನ್ನು ನಾಲ್ಕು ಕಡೆ ಅಳೆದು ಬರೆದುಕೊಂಡು, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ, ತೊಟ್ಟಿಗೆ ಬಟ್ಟೆ ಕಟ್ಟಿ ಸೀಲು ಮಾಡಿದರು. ಮಾರನೆಯ ದಿನ ಅದೇ ಹೊತ್ತಿಗೆ ತೆಗೆದು ಮತ್ತೆ ಅಳೆದರು. ನನ್ನ ವರ್ನಿಯರ್ ಅಳತೆಗೋಲನ್ನೂ ಕೇಳಿ ಪಡೆದು ಇನ್ನೊಮ್ಮೆ ಅಳೆದರು. ಹಲಗೆ ಕೂದಲೆಳೆಯಷ್ಟೂ ಊದಿರಲಿಲ್ಲ.

"ಇನ್ನು ಲೋಡ್ ಟೆಸ್ಟ್. ಇಟ್ಟಿಗೆ ಇದೆಯಾ?" ಎಂದರು.

ನಿವೇದಿತ ಇಟ್ಟಿಗೆ ತರಿಸಲು ಹೊರಟಳು. ಅಕ್ಕ ತಡೆದರು.

"ಇಟ್ಟಂಗಿ ಯಾಕ್ರಿ? ನಾವದೀವಲ್ಲ!"

ಎರಡು ಸ್ಟೂಲುಗಳ ನಡುವೆ ಹಲಗೆ ಇಟ್ಟು, ಮೊದಲು ಅವರೇ ಹತ್ತಿ ನಿಂತರು. ಆಮೇಲೆ ಉಳಿದ ನಾಲ್ವರೂ ಒಬ್ಬರ ಭುಜ ಒಬ್ಬರು ಹಿಡಿದು ಏರಿದರು. ಹಲಗೆ ಸ್ವಲ್ಪ ಬಾಗಿ ಹಾಗೆಯೇ ನಿಂತಿತು. "ಸರ, ನೀವೂ ಬರ್ರಿ. ಮೊಸರನ್ನದ ತೂಕ ಏನ್ ಇರ್ತದ!" ನಾನು ಚಪ್ಪಲಿ ಬಿಟ್ಟು ಹತ್ತಿದೆ. ಹಲಗೆ ತಡೆಯಿತು. ಇಂಜಿನಿಯರು ತಮ್ಮ ಪುಸ್ತಕವನ್ನು ನಿವೇದಿತಳ ಕೈಗೆ ಕೊಟ್ಟರು, ಶೂ ಬಿಚ್ಚಿದರು.

"ಇದು ರೂಲ್ಸ್‌ನಲ್ಲಿಲ್ಲ" ಎನ್ನುತ್ತ ಏಳನೆಯವರಾಗಿ ಹತ್ತಿದರು.

ಹಲಗೆಯಿಂದ ಒಂದು ಸದ್ದೂ ಬರಲಿಲ್ಲ. ಸದ್ದು ಮಾಡಿದವರು ನಾವೇ. ಅಕ್ಕ ಹಾಕಿದ ಕೇಕೆಗೆ ಹಳಿಯ ಆಚೆ ಬಟ್ಟೆ ಒಗೆಯುತ್ತಿದ್ದವರು ಎದ್ದು ನಿಂತು ನೋಡಿದರು. ನಾನು ಹಲಗೆಯಿಂದ ಇಳಿಯುವಾಗ ಹನ್ನೊಂದು ಮುಕ್ಕಾಲು. ಆ ದಿನ ಊಟ ಒಂದಕ್ಕೆ ಆಗಲಿಲ್ಲ. ಎರಡು ಗಂಟೆಯ ಹೊತ್ತಿಗೆ ಭಾಯ್ ಬಿರಿಯಾನಿ ಕಳಿಸಿದರು, ನನಗಾಗಿ ಬೇರೆ ಪಾತ್ರೆಯಲ್ಲಿ ತರಕಾರಿಯದು. ಶೆಡ್ಡಿನ ಕಾಗದ ಹೆಂಗಸರ ಹೆಸರಿಗೆ ಬಂದದ್ದು ಮುಂದಿನ ತಿಂಗಳು. ಅಕ್ಕ ಆ ಕಾಗದವನ್ನು ಓದಲಿಲ್ಲ. ತಲೆಯೆತ್ತಿ ತಗಡಿನ ಮಾಡನ್ನು ನೋಡಿ, "ಇನ್ನ ಇದಕ್ಕ ಬಣ್ಣ ಹಚ್ಚಬೇಕ್ರಿ" ಎಂದರು.

ಕಾರ್ಖಾನೆಯಲ್ಲಿ ತಪಾಸಣೆಯವರಿಗೆ ಒಬ್ಬೊಬ್ಬರಿಗೂ ಒಂದು ಉಕ್ಕಿನ ಪಂಚು ಕೊಡುತ್ತಾರೆ. ಪಾಸಾದ ಬಿಡಿಭಾಗದ ಮೇಲೆ ಅದನ್ನು ಒತ್ತಬೇಕು. ನಾಳೆ ಏನಾದರೂ ಆದರೆ ಯಾರು ನೋಡಿ ಬಿಟ್ಟದ್ದೆಂದು ಗೊತ್ತಾಗಬೇಕಲ್ಲ. ನಿವೃತ್ತಿಯ ದಿನ ಅದನ್ನು ಹಿಂದಿರುಗಿಸುವಾಗ ನನ್ನ ಕೈ ಹಗುರವಾಗಿತ್ತು, ಮನಸ್ಸು ಆಗಿರಲಿಲ್ಲ. ಹಳೆ ಮದ್ರಾಸು ರಸ್ತೆಯಲ್ಲಿ ಲೇತ್ ಅಂಗಡಿ ಇಟ್ಟಿರುವ ನನ್ನ ಹಳೆಯ ಸಹೋದ್ಯೋಗಿಗೆ ಹೇಳಿ ಅಕ್ಕನಿಗೊಂದು ಪಂಚು ಮಾಡಿಸಿದೆ. ಏನು ಕೆತ್ತಿಸಲಿ, ಹೆಸರಿನ ಮೊದಲಕ್ಷರವೇ ಎಂದು ಕೇಳಿದ್ದಕ್ಕೆ ತಲೆಯಾಡಿಸಿದರು.

"ಒಂದು ರೊಟ್ಟಿ ಮಾಡಿಸ್ರಿ. ಗುಂಡಗ. ಒಳಗ ಏನೂ ಬ್ಯಾಡ."

"ಬರೀ ಸೊನ್ನೆ ಥರ ಕಾಣುತ್ತಲ್ಲ ಅಕ್ಕ?"

"ಕಾಣ್ಲಿ. ಉಬ್ಬದ ರೊಟ್ಟಿ ಅಂತ ನಮಗ ಗೊತ್ತಿದ್ರ ಸಾಕು."

ಶಾಲೆಗೆ ಹೋದ ಪ್ರತಿ ಹಲಗೆಯನ್ನೂ ಅವರು ಬಡಿದು, ಕಿವಿಗೊಟ್ಟು ಕೇಳಿ, ತಳದ ಎಡ ಮೂಲೆಯಲ್ಲಿ ಸುತ್ತಿಗೆಯಿಂದ ಒಂದೇ ಏಟಿಗೆ ಆ ವೃತ್ತ ಒತ್ತಿದರು. ಎರಡು ವರ್ಷದ ಮೇಲೆ ಅವರ ಊರ ಕಡೆಯ ಹೆಂಗಸರ ಸಂಘದವರು ಇಂಥದೇ ಪ್ರೆಸ್ಸು ಹಾಕಿ, ಕೆಲಸ ಕಲಿಸಲು ಇವರನ್ನೇ ಕರೆದರು. ಹೊರಡುವ ದಿನ ಪಂಚನ್ನು ಸೆರಗಿಗೆ ಕಟ್ಟಿಕೊಂಡರು. ಇಲ್ಲಿನ ನಾಲ್ವರೂ ಅದೇ ಗುರುತು ಬೇಕೆಂದು ಹಟ ಹಿಡಿದದ್ದರಿಂದ, ಅದರ ಜೋಡಿಯೊಂದನ್ನು ಮಾಡಿಸಿ ಕೊಟ್ಟೆ.

ಮತ ಹಾಕಿ ಬಂದ ದಿನವೇ ಹನ್ನೊಂದು ಗಂಟೆಗೆ, ಈ ಬರಹದ ನಡುವೆ, ಅವರಿಗೆ ಫೋನು ಮಾಡಿದೆ. ಹಿಂದೆ ಪ್ರೆಸ್ಸಿನ ಸದ್ದು ಕೇಳುತ್ತಿತ್ತು.

"ಸರ, ಎಂಟೂವರೀಗಿ ಬಾಗಿಲ ತಗೀತೀವ್ರಿ ಇಲ್ಲೂ. ತಡಾ ಮಾಡಿ ಬಂದೋರಿಗಿ ನಿಮ್ಮ ಗಡಿಯಾರದ ಕಥಿ ಹೇಳ್ತೀನಿ. ನಾಳಿ ನಮ್ಮಲ್ಲಿ ಪರೀಕ್ಷಾ ಅದ. ನೀವ ಬಂದು ರಾಶಿ ಒಂದ್ಸಲ ನೋಡಿದ್ರ ಛಲೋ ಇತ್ತು."

"ನಾನ್ಯಾಕೆ ನೋಡ್ಲಿ ಅಕ್ಕ? ಬಂದೋರು ಯಾವುದನ್ನ ಬೇಕಾದ್ರೂ ತಗೊಳ್ಳಲಿ" ಎಂದೆ.

ಆ ಕಡೆಯಿಂದ ಅದೇ ಕೇಕೆ ಕೇಳಿತು.